ಅಕ್ಕ ಸುಲಿದ ಶೇಂಗಾ ಸಿಪ್ಪೆ

ನಮ್ಮೂರಿನ ಹಳ್ಳದ ನೀರಿಗೆ ಬಣ್ಣವಿದೆ. ಬೆಳಿಗ್ಗೆ ನೀಲಿ, ಹೊತ್ತೇರಿದ ಮೇಲೆ ಕುಂಕುಮದ ಕೆಂಪು, ಸಂಜೆಗೆ ಒಮ್ಮೊಮ್ಮೆ ಬದನೆಕಾಯಿ ಬಣ್ಣ. ಮೇಲಿನ ಕಡೆ ಎಲ್ಲೋ ಬಟ್ಟೆಗೆ ಬಣ್ಣ ಹಾಕುವ ಬಾನಿಗಳಿವೆ ಎನ್ನುತ್ತಾರೆ. ಅವನ್ನು ನೋಡಿಬಂದವರು ಯಾರೂ ನನಗೆ ಗೊತ್ತಿಲ್ಲ. ಆ ನೀರನ್ನು ಹಾಗೇ ಕುಡಿದರೆ ಮೊದಲು ಉಗುರು ನೀಲಿಯಾಗುತ್ತದೆ, ಆಮೇಲೆ ಹೊಟ್ಟೆ ಹಿಡಿದುಕೊಳ್ಳುತ್ತದೆ, ಆಮೇಲಿನದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಅದಕ್ಕೇ ನಾವು ಇದ್ದಿಲಿನಲ್ಲಿ ಸೋಸಿ ಕುಡಿಯುತ್ತೇವೆ. ಶೇಂಗಾ ಸಿಪ್ಪೆ, ತೆಂಗಿನ ಚಿಪ್ಪು, ಗೋವಿನಜೋಳದ ದಿಂಡು, ಹುಣಸೆಹಣ್ಣಿನ ಓಡು, ಬಾಳೆಕಾಯಿ ಸಿಪ್ಪೆ, ಅಡುಗೆಮನೆಯಿಂದ ಏನೇನು ಹೊರಗೆ ಬೀಳುತ್ತದೋ ಅದೆಲ್ಲ ಒಣಗಿ, ಚೀಲ ಸೇರಿ, ನಾನು ಕೆಲಸ ಮಾಡುವ ಇದ್ದಿಲು ಗೂಡಿಗೆ ಬರುತ್ತದೆ. ಇದ್ದಿಲಾಗಿ ಮನೆಗೆ ಹೋಗುತ್ತದೆ. ಪ್ರತಿ ಮನೆಯಲ್ಲೂ ಒಂದರ ಮೇಲೊಂದು ಮೂರು ಗಡಿಗೆ. ಮೇಲಿನದರಲ್ಲಿ ಹಳ್ಳದ ನೀರು, ನಡುವಿನದರಲ್ಲಿ ಮರಳು ಮತ್ತು ಇದ್ದಿಲು, ಕೆಳಗಿನದರಲ್ಲಿ ತಿಳಿನೀರು.

ಆ ತಿಳಿನೀರಿಗೆ ಸಿಪ್ಪೆ ಸುಲಿದವರ ಕೈಯ ರುಚಿ ಇರುತ್ತದೆ.

ಉಳಿದ ಊರುಗಳಲ್ಲಿ ಹೇಗೋ ನನಗೆ ತಿಳಿಯದು. ನಮ್ಮಲ್ಲಿ ಕಣ್ಣು ಕಟ್ಟಿ ಒಂದು ಗುಟುಕು ಕೊಟ್ಟರೆ ಇದು ಯಾರ ಮನೆಯ ನೀರು, ಯಾರು ಸುಲಿದ ಸಿಪ್ಪೆ ಎಂದು ಸಣ್ಣ ಮಕ್ಕಳೂ ಹೇಳುತ್ತಾರೆ. ಅತ್ತೆ ಸೊಸೆ ಮಾತು ಬಿಟ್ಟ ಮನೆಯ ನೀರಿನಲ್ಲಿ ಎರಡೂ ರುಚಿ ಬೇರೆ ಬೇರೆಯಾಗಿ ನಿಂತಿರುತ್ತವೆ. ಹೆಣ್ಣು ನೋಡಲು ಬಂದವರು ಅವಲಕ್ಕಿ ಮುಟ್ಟುವ ಮೊದಲು ನೀರು ಕೇಳುತ್ತಾರೆ. ನನ್ನನ್ನು ನೋಡಲು ಬಂದವರು ಕುಡಿದು, "ತಣ್ಣಗೈತಿ" ಎಂದು ಹೇಳಿ ಲೋಟ ಕೆಳಗಿಟ್ಟು ಹೋದರು. ಮತ್ತೆ ಬರಲಿಲ್ಲ. ನನ್ನ ಅಕ್ಕ ಹಂಪಮ್ಮನ ನೀರು ಹಾಗಿರಲಿಲ್ಲ. ದಾರಿಯಲ್ಲಿ ಹೋಗುವವರು ಬಾಯಾರಿಕೆ ಇಲ್ಲದಿದ್ದರೂ ಅವಳ ಬಾಗಿಲಲ್ಲಿ ನಿಂತು ಕೇಳುತ್ತಿದ್ದರು. ಅದರ ರುಚಿ ಹೇಗಿತ್ತು ಎಂದು ಹೇಳಲು ನನಗೆ ಬರುವುದಿಲ್ಲ. ಬೈಸಿಕೊಂಡು ಮೂಲೆಯಲ್ಲಿ ಕೂತಾಗ ಯಾರೋ ಬಂದು ಪಕ್ಕದಲ್ಲಿ ಕೂತಂತೆ ಇತ್ತು.

ಹೋದ ಮಳೆಗಾಲದಲ್ಲಿ ಅಕ್ಕ ಜ್ವರ ಬಂದು ತೀರಿಕೊಂಡಳು. ಗಂಡ ಸಿದ್ರಾಮ, ಮಗಳು ನಿಂಬೆವ್ವ, ಇಬ್ಬರೇ ಉಳಿದರು. ನಿಂಬಿಗೆ ಆಗ ಇನ್ನೂ ಹಾಲುಹಲ್ಲು ಬಿದ್ದಿರಲಿಲ್ಲ.

ನಮ್ಮಲ್ಲಿ ಸತ್ತವರಿಗೆ ಎರಡು ಮಣ್ಣು. ಮೊದಲನೆಯದು ಎಲ್ಲ ಕಡೆ ಇರುವಂಥದ್ದೇ. ಎರಡನೆಯದು ಅವರ ಇದ್ದಿಲಿಗೆ. ಅವರು ಸುಲಿದಿಟ್ಟ ಸಿಪ್ಪೆಯೆಲ್ಲ ಸುಟ್ಟು, ಆ ಇದ್ದಿಲು ಹಿಡಿಯುವಷ್ಟು ಹೊಲಸು ಹಿಡಿದು ತುಂಬುವವರೆಗೆ ಮನೆಯವರು ಅವರ ನೀರನ್ನೇ ಕುಡಿಯುತ್ತಾರೆ. ತುಂಬಿದ ಮೇಲೆ ರುಚಿ ಹಾಗೇ ಇರುತ್ತದೆ, ಆದರೆ ಹಳ್ಳದ ಬಣ್ಣ ಕೆಳಗಿನ ಗಡಿಗೆಗೂ ಇಳಿಯತೊಡಗುತ್ತದೆ. ಆಗ ಊರ ಹೊರಗಿನ ಕರಿಮಡ್ಡಿ ಎಂಬ ದಿಬ್ಬಕ್ಕೆ ಹೋಗಿ ಇದ್ದಿಲು ಸುರಿದು, ನಡುವಿನ ಗಡಿಗೆಯನ್ನು ಅಲ್ಲೇ ಒಡೆದು ಬರಬೇಕು. ಅಕ್ಕನ ಎರಡನೆಯ ಮಣ್ಣಿಗೆ ಸಿದ್ರಾಮ ಭಾವ ನಮ್ಮನ್ನು ಕರೆಯುತ್ತಲೇ ಇರಲಿಲ್ಲ. ನಾನೂ ಕೇಳಲಿಲ್ಲ. ಕೇಳುವುದು ನನಗೆ ಆಗದ ಕೆಲಸ. ಏಳನೆಯ ಇಯತ್ತೆಗೆ ಶಾಲೆ ಬಿಟ್ಟಿದ್ದೂ ಅದಕ್ಕೇ. ಅಲ್ಲಿ ಎದ್ದು ನಿಂತು ಬಾಯಿ ತೆರೆಯಬೇಕಿತ್ತು. ಗೂಡಿನಲ್ಲಿ ಹೊಗೆ ನೋಡುತ್ತಿದ್ದರೆ ಸಾಕು.

ಬಿಸಿಲು ಏರುತ್ತಿದ್ದ ಒಂದು ಬೆಳಿಗ್ಗೆ ಭಾವ ಗೂಡಿಗೆ ಬಂದ. ತಲೆಯ ಮೇಲೆ ಒದ್ದೆ ಬಟ್ಟೆ ಮುಚ್ಚಿದ ಬುಟ್ಟಿ, ಹಿಂದೆ ನಿಂಬಿ. ಗೂಡಿನ ಯಜಮಾನತಿ ಅಂಬ್ರಮ್ಮ ಡ್ರಮ್ಮಿನ ಮುಚ್ಚಳದ ಸಂದಿಗೆ ಮಣ್ಣು ಮೆತ್ತುತ್ತಿದ್ದಳು.

"ಏನಪಾ ಸಿದ್ರಾಮ, ಬಾಳ ದಿನದ ಮ್ಯಾಲ ಈ ಕಡಿ. ಬುಟ್ಟ್ಯಾಗ ಏನ ತಂದಿ, ಸಂತಿ ಐತೇನು?"

ಭಾವ ಬುಟ್ಟಿ ಇಳಿಸಿ ಬಟ್ಟೆ ಸರಿಸಿದ. ಒಳಗೆ ಇದ್ದಿಲು. ಒದ್ದೆಯಾಗಿ, ಕಾಗೆಯ ರೆಕ್ಕೆಯಂತೆ ಮೇಲೆ ನೀಲಿ ಹೊಳಪು.

"ಇದನ್ನ ಇನ್ನೊಮ್ಮಿ ಸುಟ್ಟು ಕೊಡ್ರಿ ಅಕ್ಕಾರ" ಅಂದ.

ಅಂಬ್ರಮ್ಮ ಮಣ್ಣಿನ ಕೈಯಲ್ಲೇ ಎದ್ದು ನಿಂತಳು. "ತುಂಬಿದ ಇದ್ದಿಲು ಗೂಡಿಗೆ ತಂದಿಯಲ್ಲೋ. ಇದು ಉಂಡದ್ದು ಏನಂತ ಮಾಡೀ? ಬೆಂಕಿ ತೋರಿಸಿದ್ರ ಉಂಡದ್ದೆಲ್ಲಾ ಹೊಗಿ ಆಗಿ ಕಾರ್ತೈತಿ. ಆ ಹೊಗಿ ಹೋಗಿ ಊರಾಗಿನ ಗಡಿಗ್ಯಾಗೆಲ್ಲಾ ಕೂಡ್ತೈತಿ."

"ಕೂಸು ಬ್ಯಾರೆ ನೀರು ಮುಟ್ಟವಲ್ದು."

"ನೀ ಸುಲಿ. ಕೈ ಇಲ್ಲೇನು ನಿನಗ?"

"ಸುಲದೀನಿ. ಕುಡದು ಉಗುಳಿದ್ಲು."

"ಅದು ಖರೆ ಬಿಡ. ನಿನ್ನ ಕೈ ನೀರು ಕೊಟ್ರ ಎತ್ತು ಸುದ್ದಾ ಮಾರಿ ತಿರುವತೈತಿ" ಎಂದಳು ಅಂಬ್ರಮ್ಮ. ಅವಳಿಗೆ ನಗಿಸುವುದು ಒಂದೇ ಸಮಾಧಾನದ ದಾರಿ. ಭಾವ ನಗಲಿಲ್ಲ.

ನಮ್ಮ ಅವ್ವನ ನೀರನ್ನೂ ನಿಂಬಿಗೆ ಕೊಟ್ಟು ನೋಡಿದ್ದರು. ಮೂಗು ಹಿಡಿದು ಕುಡಿಸಿದರೆ ಕಾರಿದಳು. ನನ್ನದನ್ನು ಮಾತ್ರ ಬಹಳ ಹೊತ್ತು ಬಾಯಲ್ಲಿ ಇಟ್ಟುಕೊಂಡು, ನಿಧಾನಕ್ಕೆ ನೆಲಕ್ಕೆ ಉಗುಳಿ, "ಚಿಗವ್ವ, ನಿನ್ನ ನೀರು ಸುಮ್ಮನ ಕುಂತೈತಿ" ಅಂದಿದ್ದಳು. ಈಗ ಅವಳು ಗೋವಿನಜೋಳದ ದಿಂಡಿನ ಚೀಲದ ಮೇಲೆ ಕೂತು ಬೆರಳಿನಿಂದ ಚೀಲದ ತೂತು ಹಿಗ್ಗಿಸುತ್ತಿದ್ದಳು. ನಾನು ಆ ಬೆರಳನ್ನು ನೋಡಿದೆ. ಉಗುರಿನ ಬುಡದಲ್ಲಿ ನೀಲಿ ಗೆರೆ ಎದ್ದಿತ್ತು. ಭಾವನೂ ನಾನು ನೋಡಿದ್ದನ್ನು ನೋಡಿದ. ಅವನು ಬುಟ್ಟಿಯ ಮೇಲೆ ಬಟ್ಟೆ ಮುಚ್ಚಿ, ಅದನ್ನು ಕಾಲಿನಿಂದ ಸ್ವಲ್ಪ ಹಿಂದಕ್ಕೆ ಸರಿಸಿದ.

"ಮಡ್ಡಿಗೆ ಸುರೀಬೇಕಪಾ" ಅಂಬ್ರಮ್ಮನ ದನಿ ಇಳಿದಿತ್ತು. "ಇದರಾಗ ಹಂಪವ್ವ ಇಲ್ಲ. ಇದ್ರೂ, ಆಕಿ ಕೈಲೇ ಆಕಿ ಮಗಳಿಗೆ ವಿಷ ಕುಡಿಸಿದಂಗ ಆಕ್ಕೈತಿ."

"ಸುರದ್ರ ಕೂಸು ಏನೂ ಕುಡೀದ ಸಾಯ್ತೈತಿ. ಸುರೀದಿದ್ರ ಕುಡದು ಸಾಯ್ತೈತಿ. ಯಾವುದು ಮಾಡ್ಲಿ ಹೇಳ್ರಿ."

ಅಂಬ್ರಮ್ಮ ಕೈಗೆ ಮೆತ್ತಿದ್ದ ಮಣ್ಣನ್ನು ಉಜ್ಜಿ ಉದುರಿಸತೊಡಗಿದಳು. ಅದಕ್ಕೆ ಉತ್ತರ ನನ್ನ ಹತ್ತಿರ ಇತ್ತು. ನಮ್ಮ ಮನೆಯ ಜಂತಿಗೆ ಒಂದು ಚೀಲ ತೂಗುಬಿದ್ದಿತ್ತು. ಅಕ್ಕ ಕೊನೆಯ ಸಲ ತವರಿಗೆ ಬಂದಾಗ ಪಡಸಾಲೆಯಲ್ಲಿ ಕೂತು, ಕಾಲು ಚಾಚಿ, ಓಣಿಯ ಸುದ್ದಿಯೆಲ್ಲ ಹೇಳುತ್ತ ಶೇಂಗಾ ಸುಲಿದಿದ್ದಳು. ಆ ಸಿಪ್ಪೆ ಅದು. ಅವ್ವ ಅದನ್ನು ಗೂಡಿಗೆ ಕಳಿಸಿರಲಿಲ್ಲ. ನಾನು ಮಲಗಿದ್ದೇನೆ ಎಂದುಕೊಂಡು ಮಧ್ಯಾಹ್ನ ಅವಳು ಸ್ಟೂಲು ಹತ್ತಿ ಚೀಲದೊಳಗೆ ಕೈ ಇಟ್ಟು ನಿಲ್ಲುವುದನ್ನು ನೋಡಿದ್ದೇನೆ. ಏನನ್ನೂ ತೆಗೆಯುತ್ತಿರಲಿಲ್ಲ, ಹಾಕುತ್ತಿರಲಿಲ್ಲ. ಮೊಣಕೈವರೆಗೆ ಒಳಗಿಟ್ಟು ನಿಲ್ಲುತ್ತಿದ್ದಳು, ಅಷ್ಟೇ.

ಆ ದಿನ ಮನೆಗೆ ಹೋದವಳು ಅವ್ವ ರೊಟ್ಟಿ ಬಡಿಯುವುದನ್ನು ನೋಡುತ್ತ ಕಂಬಕ್ಕೆ ಒರಗಿ ನಿಂತೆ. ಕಡೆಗೆ ಅವ್ವನೇ, "ಏನೈತಿ ಒದರು. ಕಂಬ ಬೀಳತೈತೇನು, ಹಿಡಕೊಂಡು ನಿಂತೀ" ಅಂದಳು.

"ನಿಂಬಿ ಉಗುರು ನೀಲಿ ಆಗ್ಯಾವು."

ಅವ್ವನ ಕೈ ಒಂದು ಬಡಿತ ತಪ್ಪಿತು. ಮತ್ತೆ ಬಡಿಯತೊಡಗಿದಳು.

"ಆ ಚೀಲ ಸುಟ್ರ ಒಂದು ಗಡಿಗಿ ಆಕ್ಕೈತಿ ಬೇ. ಒಂದು ಮಳಿಗಾಲ ದಾಟತೈತಿ. ಅಷ್ಟರಾಗ ಕೂಸು ಸ್ವಲ್ಪ ದೊಡ್ಡದಾಗಿ..."

"ಆಮ್ಯಾಲ?"

ನಾನು ಕಂಬದ ಸುಣ್ಣವನ್ನು ಉಗುರಿನಿಂದ ಕೆರೆದೆ.

"ಆಕಿ ಕೂಸಿಗೆ ಒಂದು ಮಳಿಗಾಲ ಆತು. ನನಗ?" ಅವ್ವ ರೊಟ್ಟಿಯನ್ನು ಹಂಚಿಗೆ ಹಾಕಿ, ಮೇಲೆ ನೀರು ಸವರಿದಳು. "ಸುಡೂದು ಅಂದ್ರ ಮುಗಸೂದು. ಆಕೀನ ಒಮ್ಮಿ ಮಣ್ಣಾಗ ಇಟ್ಟೀನಿ. ಇನ್ನೊಮ್ಮಿ ಇಡು ಅಂತೀ. ಈ ಸಿಪ್ಪಿ ಹಾಂಗ ಇದ್ರ ಮುಗಿಯಂಗಿಲ್ಲ. ಅದರ ಮ್ಯಾಲ ಆಕಿ ಹೆಬ್ಬಟ್ಟು ಒತ್ತಿದ್ದು ಐತಿ, ನೋಡಿಯೇನು? ನಡಕ್ಕ ಸರಿಯಾಗಿ ಎರಡು ಹೋಳು. ನೀ ಸುಲದ್ರ ಪುಡಿ ಪುಡಿ ಆಕ್ಕೈತಿ."

ಅದು ನಿಜವೇ. ನಾನು ಹೊರಗೆ ಬಂದು ಕೂತೆ. ಅವ್ವ ನನಗೆ ರೊಟ್ಟಿ ಹಾಕಿಕೊಟ್ಟಳು. ತಾನು ಉಣ್ಣಲಿಲ್ಲ.

ಮರುದಿನ ಅವ್ವ ಭಾವನ ಮನೆಗೆ ಹೋಗಿ ಬಂದಳಂತೆ. ನನಗೆ ಹೇಳಿಹೋಗಿರಲಿಲ್ಲ. ಅಲ್ಲಿ ನಿಂಬಿ ಹೊಟ್ಟೆ ಅಮುಕಿಕೊಂಡು ಹೊಸ್ತಿಲ ಮೇಲೆ ಮಲಗಿದ್ದಳಂತೆ. ಅಜ್ಜಿಯನ್ನು ನೋಡಿ ಎದ್ದು, ಬಂದವರಿಗೆ ನೀರು ಕೊಡಬೇಕೆಂದು ಅಕ್ಕ ಕಲಿಸಿದ್ದಳಲ್ಲ, ಕೆಳಗಿನ ಗಡಿಗೆಯಿಂದ ಲೋಟ ತುಂಬಿ ತಂದುಕೊಟ್ಟಳಂತೆ. ನೀರು ತೆಳುವಾಗಿ ನೀಲಿ ಇತ್ತು. ಅವ್ವ ಅದನ್ನು ಪೂರ್ತಿ ಕುಡಿದಳೆಂದು ಆಮೇಲೆ ಭಾವ ಹೇಳಿದ. ಕುಡಿದು, ಲೋಟ ಬೋರಲು ಹಾಕಿ, ನಡುವಿನ ಗಡಿಗೆಯ ಇದ್ದಿಲನ್ನು ಬುಟ್ಟಿಗೆ ಸುರಿದು, ಗಡಿಗೆಯನ್ನು ತಾನೇ ಎತ್ತಿಕೊಂಡು ಮಡ್ಡಿಯ ಕಡೆ ಹೊರಟಳಂತೆ. ಭಾವ ಬುಟ್ಟಿ ಹೊತ್ತು ಹಿಂದೆ ಹೋದ. ಅಕ್ಕನ ಎರಡನೆಯ ಮಣ್ಣಿಗೆ ಅವರಿಬ್ಬರೇ ಇದ್ದರು.

ಅದರ ಮರುದಿನ ಬೆಳಿಗ್ಗೆ ಅವ್ವ ಜಂತಿಯ ಚೀಲವನ್ನು ಕಂಕುಳಲ್ಲಿ ಅವುಚಿಕೊಂಡು ಗೂಡಿಗೆ ಬಂದಳು. ಅಂಬ್ರಮ್ಮ ಅವಳನ್ನು ನೋಡಿದವಳೇ ಎಲ್ಲಕ್ಕಿಂತ ಸಣ್ಣ ಡ್ರಮ್ಮನ್ನು ಉರುಳಿಸಿ ತಂದು, ಒಳಗೆಲ್ಲ ಉಜ್ಜಿ, ನನ್ನ ಮುಂದೆ ನಿಲ್ಲಿಸಿದಳು. "ನೀನ ಸುಡು ತಂಗೆಮ್ಮ. ನನ್ನ ಕೈ ಬ್ಯಾಡ."

ನಾನು ಸಿಪ್ಪೆ ತುಂಬಿದೆ. ಅವ್ವ ಚೀಲವನ್ನು ಕೊಡವಿ, ಮೂಲೆಯಲ್ಲಿ ಸಿಕ್ಕಿಕೊಂಡಿದ್ದ ಚೂರುಗಳನ್ನೂ ಹೆಕ್ಕಿ ಹಾಕಿದಳು. ಮುಚ್ಚಳ ಹಾಕಿ, ಸಂದಿಗೆಲ್ಲ ಕೆಮ್ಮಣ್ಣು ಮೆತ್ತಿ, ಕೆಳಗೆ ಉರಿ ಕೊಟ್ಟೆ. ಮೊದಲು ಬಿಳಿ ಹೊಗೆ ಬಂತು, ಅದು ಸಿಪ್ಪೆಯೊಳಗಿನ ನೀರು. ಆಮೇಲೆ ಹಳದಿ, ದಪ್ಪಗೆ, ಕಣ್ಣು ಉರಿಯುವಂಥದ್ದು. ಅವ್ವ ಹೊಗೆ ಬರುವ ಕಡೆಗೇ ಕೂತಿದ್ದಳು, ಸರಿಯಲಿಲ್ಲ. ಹೊಗೆ ತೆಳುವಾಗಿ, ಕಾಣದಷ್ಟಾದಾಗ ನಾನು ಉರಿ ಎಳೆದು, ಹೊಗೆಯ ಕಿಂಡಿಗೂ ಮಣ್ಣು ಒತ್ತಿದೆ. ಇನ್ನು ಮಾಡುವುದೇನೂ ಇಲ್ಲ. ಡ್ರಮ್ಮು ಪೂರ್ತಿ ತಣ್ಣಗಾಗುವವರೆಗೆ ಮುಟ್ಟಬಾರದು. ಬಿಸಿ ಇದ್ದಾಗ ಗಾಳಿ ಸೋಕಿದರೆ ಇದ್ದಿಲು ಕೆಂಡವಾಗುತ್ತದೆ, ಕೆಂಡ ಬೂದಿಯಾಗುತ್ತದೆ. ಇದು ನಮ್ಮೂರಿನಲ್ಲಿ ತೊಟ್ಟಿಲ ಕೂಸಿಗೂ ಗೊತ್ತು. ಅವ್ವನಿಗೂ ಗೊತ್ತಿತ್ತು.

"ನಾಳೆ ತೆಗೀತೀನಿ ಬೇ. ಮನಿಗೆ ನಡಿ."

"ನೀ ಹೋಗಿ ಉಂಡು ಬಾ. ನಾ ಇಲ್ಲೇ ಕುಂದರ್ತೀನಿ."

ಉಣ್ಣಲು ನಾನು ಮನೆಗೆ ಹೋಗಲಿಲ್ಲ. ಗೂಡಿನ ಹಿಂದಿನ ಬೇವಿನ ನೆರಳಲ್ಲಿ ಬುತ್ತಿ ಬಿಚ್ಚಿದೆ. ಅಂಬ್ರಮ್ಮ ಎಂದಿನಂತೆ ಬಾಯಿ ತೆರೆದು ಗೊರಕೆ ಹೊಡೆಯುತ್ತಿದ್ದಳು. ಮೊದಲ ತುತ್ತು ಬಾಯಿಗಿಟ್ಟಾಗ ಕೇಳಿಸಿತು: ಮಣ್ಣು ಒಡೆಯುವ ಸದ್ದು, ತಗಡಿಗೆ ಕಲ್ಲು ಬಡಿದಂತೆ ಒಂದು ಸದ್ದು.

ನಾನು ಓಡಿ ಬರುವಷ್ಟರಲ್ಲಿ ಮುಚ್ಚಳ ನೆಲದ ಮೇಲಿತ್ತು. ಅವ್ವ ಡ್ರಮ್ಮಿನೊಳಗೆ ಬಗ್ಗಿ ನೋಡುತ್ತಿದ್ದಳು. ಅವಳ ಮುಖದ ಮೇಲೆ ಕೆಂಪು ಬೆಳಕು ಆಡುತ್ತಿತ್ತು. ನಾನು ಮುಚ್ಚಳ ಎತ್ತಿ ಒತ್ತಿದೆ. ಅಂಬ್ರಮ್ಮ ಎದ್ದು ಬಂದು ಮಣ್ಣು ಬಳಿದಳು. ಅಂಗೈ ಸುಟ್ಟದ್ದು ಇಬ್ಬರಿಗೂ ಆಮೇಲೆ ತಿಳಿಯಿತು. ಅಷ್ಟು ಹಗುರವಾದ ಸಿಪ್ಪೆಗೆ ಬೆಂಕಿ ಹಿಡಿಯಲು ಎಷ್ಟು ಹೊತ್ತು ಬೇಕು?

"ಯಾಕ ತೆಗದಿ ಬೇ?" ನನ್ನ ದನಿಯ ಗುರುತು ನನಗೇ ಸಿಗಲಿಲ್ಲ.

"ಒಳಗ ಸದ್ದು ಬಂತು" ಎಂದಳು ಅವ್ವ. "ಚಟ್ ಅಂತ. ಮತ್ತ ಸ್ವಲ್ಪ ಬಿಟ್ಟು, ಚಟ್ ಅಂತ. ಒಳಗ ಆಕಿ ಸುಲ್ಯಾಕತ್ತಿದ್ಲು."

ತಣಿಯುವಾಗ ಶೇಂಗಾ ಸಿಪ್ಪೆಯ ಇದ್ದಿಲು ಹಾಗೆ ಸಿಡಿಯುತ್ತದೆ. ದಿನವೂ ಕೇಳುವ ನನಗೆ ಅದು ಸದ್ದೇ ಅಲ್ಲ. ಸುಲಿಯುವ ಸದ್ದಿಗೂ ಅದಕ್ಕೂ ಏನೂ ವ್ಯತ್ಯಾಸವಿಲ್ಲ ಎಂದು ಆ ದಿನದವರೆಗೆ ನನಗೆ ಹೊಳೆದಿರಲಿಲ್ಲ.

ಬೆಳಿಗ್ಗೆ ತೆಗೆದು ನೋಡಿದೆವು. ಭಾವನೂ ಗಡಿಗೆ ಹಿಡಿದುಕೊಂಡು ಬಂದಿದ್ದ. ಡ್ರಮ್ಮಿನ ತುಂಬ ಸಿಪ್ಪೆಗಳು ಹಾಗೇ ಇದ್ದವು, ಬೆಳ್ಳಗೆ. ಒಂದೊಂದರ ಮೇಲೂ ಗೆರೆ, ಕುಳಿ, ನಡುವೆ ಸರಿಯಾಗಿ ಸೀಳಿದ್ದು ಎಲ್ಲವೂ ಕಾಣುತ್ತಿತ್ತು. ಭಾವ ಉಸಿರು ಬಿಟ್ಟ. ಆ ಉಸಿರಿಗೆ ಮೇಲಿನ ಪದರ ಕುಸಿದು ಬೂದಿಯಾಯಿತು. ಯಾರೂ ಅವ್ವನನ್ನು ಬೈಯಲಿಲ್ಲ. ಬೈದಿದ್ದರೆ ಅವಳಿಗೆ ಒಳ್ಳೆಯದಿತ್ತೋ ಏನೋ. ಬೂದಿಯಿಂದ ನೀರು ತಿಳಿಯಾಗುವುದಿಲ್ಲ. ಅದಕ್ಕೆ ರುಚಿಯೂ ಇರುವುದಿಲ್ಲ.

ಆಮೇಲಿನ ದಿನಗಳಲ್ಲಿ ಭಾವ ಎಳನೀರು ಹುಡುಕಿಕೊಂಡು ತಿರುಗಿದ. ಕಬ್ಬು ತಂದ. ಕಲ್ಲಂಗಡಿ ಹೋಳು ಕೊಟ್ಟ. ನಿಂಬಿ ಅವನ್ನು ಚೀಪುತ್ತಿದ್ದಳು, ಮತ್ತೆ ಮಲಗುತ್ತಿದ್ದಳು. ತುಟಿ ಒಡೆದು ಸಿಪ್ಪೆ ಎದ್ದಿತ್ತು. ಅವಳನ್ನು ನಮ್ಮ ಮನೆಗೆ ಕರೆತಂದಿದ್ದೆವು. ಅವ್ವ ಅವಳ ಹತ್ತಿರ ಹೋಗುತ್ತಲೇ ಇರಲಿಲ್ಲ. ಗೋಡೆಗೆ ಮುಖ ಮಾಡಿ ಕೂತಿರುತ್ತಿದ್ದಳು. ಒಂದು ದಿನ ಇದ್ದಕ್ಕಿದ್ದಂತೆ ಎದ್ದು, ಬಿತ್ತನೆಗೆಂದು ಇಟ್ಟಿದ್ದ ಶೇಂಗಾವನ್ನು ಮೊರಕ್ಕೆ ಸುರಿದುಕೊಂಡು ಬಂದು ಮಗುವಿನ ಮುಂದೆ ಇಟ್ಟಳು.

"ಸುಲಿ" ಅಂದಳು.

"ನನಗ ಬರಂಗಿಲ್ಲ."

"ನಿಮ್ಮವ್ವಗೂ ಬರ್ತಿದ್ದಿಲ್ಲ. ಇಲ್ಲೇ, ಈ ಜಾಗದಾಗ ಕುಂತು ಕಲ್ತಾಳ. ಹೆಬ್ಬಟ್ಟು ಇಲ್ಲಿಡು. ಮೂತಿ ಮ್ಯಾಲ. ಒತ್ತು."

ನಿಂಬಿ ಒತ್ತಿದಳು. ಆಗಲಿಲ್ಲ. ಬಾಯಿಗೆ ಹಾಕಿ ಕಚ್ಚಲು ಹೋದಳು.

"ಹಲ್ಲು ಹಚ್ಚಬ್ಯಾಡ. ನಾಯಿಯೇನು ನೀ?" ಅವ್ವ ಅವಳ ಹಿಂದೆ ಕೂತು, ಎರಡೂ ಕೈಗಳನ್ನು ಸುತ್ತಿ ತಂದು, ಆ ಸಣ್ಣ ಹೆಬ್ಬೆರಳ ಮೇಲೆ ತನ್ನ ಹೆಬ್ಬೆರಳು ಇಡಲು ಹೋದವಳು ತಡೆದಳು. ತನ್ನ ಕೈ ಸೇರಬಾರದು. ಕೈಯನ್ನು ಹಿಂದೆ ತೆಗೆದುಕೊಂಡು ಸೆರಗಿನೊಳಗೆ ಇಟ್ಟುಕೊಂಡಳು. "ಒತ್ತವ್ವ. ಇನ್ನಷ್ಟು ಒತ್ತು."

ಚಟ್ ಎಂದಿತು.

ಮೊರ ಮುಗಿಯಲು ಆ ಇಡೀ ದಿನ ಹಿಡಿಯಿತು. ಅಷ್ಟು ಸಣ್ಣ ಕೈಯ ಸಿಪ್ಪೆಯನ್ನು ನಮ್ಮ ಗೂಡಿನಲ್ಲಿ ಯಾರೂ ಸುಟ್ಟಿರಲಿಲ್ಲ. ಅಂಬ್ರಮ್ಮ ಎಣ್ಣೆಯ ಡಬ್ಬಿಯೊಂದಕ್ಕೆ ಮುಚ್ಚಳ ಮಾಡಿಕೊಟ್ಟಳು. ಅದು ತಣ್ಣಗಾಗುವವರೆಗೆ ನಾನು ಅದರ ಪಕ್ಕದಿಂದ ಏಳಲಿಲ್ಲ. ಕುಟ್ಟಿ, ಬಿಸಿನೀರಿನಲ್ಲಿ ತೊಳೆದು, ಒಣಗಿಸಿ, ಹೊಸ ಗಡಿಗೆಯಲ್ಲಿ ಮರಳಿನ ಮೇಲೆ ಹರಡಿದಾಗ ಮೂರು ಬೆರಳಿನಷ್ಟು ದಪ್ಪ ಬಂತು. ಬೆಳಗಿನ ನೀಲಿ ನೀರು ಸುರಿದೆವು. ಕೆಳಗಿನ ಗಡಿಗೆಯಲ್ಲಿ ಹನಿ ಬೀಳುವುದನ್ನು ಕೇಳುತ್ತ ಎಲ್ಲರೂ ಸುತ್ತ ಕೂತೆವು. ಬಂದ ನೀರು ತಿಳಿಯಾಗಿತ್ತು.

ನಿಂಬಿ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ಒಂದು ಗುಟುಕು ಕುಡಿದಳು. ಬಾಯಲ್ಲಿ ಇಟ್ಟುಕೊಂಡಳು. ಉಗುಳುತ್ತಾಳೆ ಎಂದುಕೊಂಡೆವು.

"ಏನೂ ಇಲ್ಲ ಇದರಾಗ" ಎಂದಳು.

ತನ್ನ ಕೈಯ ರುಚಿ ತನ್ನ ನಾಲಿಗೆಗೆ ತಿಳಿಯುವುದಿಲ್ಲ. ಯಾರಿಗೂ ತಿಳಿಯುವುದಿಲ್ಲ, ಒಂಟಿ ಇರುವವರ ಮನೆಯಲ್ಲಿ ನೀರು ಬರೀ ನೀರು. ಬೇರೆಯವರದಲ್ಲದ್ದರಿಂದ ಉಗುಳಲು ಅವಳಿಗೆ ಕಾರಣವಿರಲಿಲ್ಲ. ಬಾಯಾರಿಕೆಯೂ ಬಹಳ ಇತ್ತು. ಲೋಟ ಎತ್ತಿ ಗಟಗಟ ಕುಡಿದಳು. ಇನ್ನೊಂದು ಕೇಳಿದಳು. ಭಾವ ಹೊರಗೆ ಹೋಗಿ ಕಟ್ಟೆಯ ಮೇಲೆ ಕೂತು ಎರಡೂ ಅಂಗೈಯಿಂದ ಮುಖ ಒರೆಸಿಕೊಳ್ಳುತ್ತಿದ್ದ.

ಎರಡನೆಯ ಲೋಟದಲ್ಲಿ ಉಳಿದದ್ದನ್ನು ನಿಂಬಿ ಅಜ್ಜಿಗೆ ಕೊಟ್ಟಳು. ಅವ್ವ ತುಟಿಗೆ ತಾಗಿಸಿದಳು. ಲೋಟವನ್ನು ಮೆಲ್ಲಗೆ ಕೆಳಗಿಟ್ಟು, ಗೋಡೆ ಹಿಡಿದುಕೊಂಡು ಎದ್ದು, ಹಿತ್ತಲಿಗೆ ಹೋದಳು. ಬಾಗಿಲು ಎಳೆದುಕೊಂಡದ್ದು ಕೇಳಿಸಿತು.

"ಅಜ್ಜಿ ಯಾಕ ಎದ್ದು ಹೋದ್ಲು ಚಿಗವ್ವ? ಹೊಲಸೈತೇನು?"

ನಾನು ಲೋಟ ತೆಗೆದುಕೊಂಡು ಕುಡಿದೆ. ಅಕ್ಕ ಬಂದು ಪಕ್ಕದಲ್ಲಿ ಕೂತಳು. ಒಂದಿಷ್ಟೂ ಬೇರೆಯಾಗಿರಲಿಲ್ಲ. ಅದೇ, ಪೂರ್ತಿ ಅದೇ.

ನಿಂಬಿ ನನ್ನ ಬಾಯನ್ನೇ ನೋಡುತ್ತಿದ್ದಳು. "ಯಾರಂಗೈತಿ?"

ಅವಳಿಗೆ ಹೇಳಿದರೆ ಅವಳು ಅದನ್ನು ಹುಡುಕುತ್ತಾಳೆ. ಪ್ರತಿ ಗುಟುಕಿನಲ್ಲೂ, ಮುದುಕಿಯಾಗುವವರೆಗೂ ಹುಡುಕುತ್ತಾಳೆ. ಊರಿನಲ್ಲಿ ಯಾರಿಗೆ ಕೊಟ್ಟರೂ ಸಿಗುವುದು ಅವಳೊಬ್ಬಳಿಗೆ ಸಿಗುವುದಿಲ್ಲ. ನಾನು ನಾಲಿಗೆಯಿಂದ ತುಟಿ ಸವರಿಕೊಂಡೆ.

"ನಿನ್ನಂಗೈತಿ" ಅಂದೆ.

"ಚಲೋ ಐತೇನು?"

"ಹೂಂ."

ಅವಳು ಎದ್ದು ಹೋಗಿ ಲೋಟ ತುಂಬಿಕೊಂಡು, ಚೆಲ್ಲದ ಹಾಗೆ ಹೆಜ್ಜೆಯ ಮೇಲೆ ಹೆಜ್ಜೆ ಇಡುತ್ತ ಬಂದಳು. ತಾನು ಕುಡಿಯಲಿಲ್ಲ. ನನ್ನ ಮುಂದೆ ಹಿಡಿದಳು.

"ಇನ್ನೊಮ್ಮಿ ಕುಡಿ" ಎಂದಳು. ನಾನು ಕುಡಿಯುವಾಗ ಹತ್ತಿರ ಬಂದು, ಮೊಣಕಾಲಿನ ಮೇಲೆ ಕೈಯೂರಿ, ನನ್ನ ಮುಖವನ್ನು ನೋಡುತ್ತ ನಿಂತಳು.